ಜೊಂಬಾದ ಋಣ

ಮಲಾವಿ ದೇಶದ ಜೊಂಬಾ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ಎಚ್‌ಐವಿ ಚಿಕಿತ್ಸೆಯ ತರಬೇತಿ ಕೊಡುವುದು ಇಷ್ಟು ವರ್ಷ ನನ್ನ ಕೆಲಸವಾಗಿತ್ತು. ಈಗ ಆ ಕೆಲಸ ಅಲ್ಲಿಯ ನರ್ಸ್‌ಗಳ ಕೈಯಲ್ಲಿದೆ. ಹೊಸದಾಗಿ ಸೇರಿದವರಿಗೆ ಕಲಿಸುವವರು, ಕಲಿತದ್ದನ್ನು ನೋಡಿ ಸಹಿ ಹಾಕುವವರು, ತಪ್ಪಿದರೆ ತಿದ್ದುವವರು ಎಲ್ಲರೂ ಅಲ್ಲಿಯವರೇ. ನಾನು ಊರಿಗೆ ಮರಳಿದ್ದೇನೆ. ಫೋನ್ ಮಾಡಿದ ಬಂಧುಗಳು, ಹಳೆಯ ಸಹೋದ್ಯೋಗಿಗಳು "ಎಂಥ ಸೇವೆ ಮಾಡಿ ಬಂದಿರಿ" ಎನ್ನುತ್ತಾರೆ. ತಿಂಗಳು ತಿಂಗಳು ಸಂಬಳ ಎಣಿಸಿಕೊಂಡು ಮಾಡಿದ ಕೆಲಸಕ್ಕೆ ಆ ಮಾತು ದೊಡ್ಡದಾಯಿತು. ಅದು ಸಲ್ಲಬೇಕಾದವರು ಬೇರೆ ಇದ್ದಾರೆ. ಅವರಿಗೆ ಹೇಳಬೇಕಾದ್ದನ್ನು ಅವರ ಮುಂದೆಯೇ, ನನ್ನ ಹರಕುಮುರುಕು ಚಿಚೇವಾದಲ್ಲಿ ಹೇಳಿ ಬಂದಿದ್ದೇನೆ. ನಮ್ಮವರ ಮುಂದೆಯೂ ಒಮ್ಮೆ ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ.

ಮೊದಲ ನಮಸ್ಕಾರ ನಾನು ಹೋಗುವುದಕ್ಕೆ ಮುಂಚೆಯೇ ದಾರಿ ಮಾಡಿಟ್ಟವರಿಗೆ. ಆ ದೇಶದಲ್ಲಿ ಲಕ್ಷ ಜನರಿಗೆ ಸುಮಾರು ಇಬ್ಬರು ವೈದ್ಯರಿದ್ದ ಕಾಲ. 2004ರಲ್ಲಿ ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆ) ಆರಂಭಿಸಿದಾಗ ಚಿಕಿತ್ಸೆಯಲ್ಲಿದ್ದವರು ಕೆಲವೇ ಸಾವಿರ ಮಂದಿ. ವೈದ್ಯರು ತಯಾರಾಗಲಿ ಎಂದು ಕಾದಿದ್ದರೆ ಒಂದು ತಲೆಮಾರು ಮಣ್ಣು ಸೇರುತ್ತಿತ್ತು. ಅವರು ಕಾಯಲಿಲ್ಲ, ಚಿಕಿತ್ಸೆಯನ್ನೇ ಸರಳಗೊಳಿಸಿದರು. ಚಿಕಿತ್ಸೆ ಆರಂಭಿಸುವ ಎಲ್ಲರಿಗೂ ಒಂದೇ ಬಗೆಯ ಮಾತ್ರೆ. ಮೂರು ಔಷಧ ಸೇರಿದ ಒಂದು ಮಾತ್ರೆ ಬೆಳಿಗ್ಗೆ, ಒಂದು ರಾತ್ರಿ. ರಕ್ತದಲ್ಲಿನ ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ಎಣಿಸುವ ಯಂತ್ರವಿಲ್ಲದ ಕಡೆ ರೋಗಲಕ್ಷಣಗಳ ಹಂತ ನೋಡಿಯೇ ಆರಂಭ. ಆ ಮಾತ್ರೆ ತಯಾರಾದದ್ದು ನಮ್ಮ ದೇಶದ ಕಾರ್ಖಾನೆಗಳಲ್ಲಿ. ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟಿದ್ದ ಚಿಕಿತ್ಸೆಯನ್ನು 2001ರಲ್ಲಿ ಸಿಪ್ಲಾ 350 ಡಾಲರಿಗೆ ಕೊಡುತ್ತೇನೆ ಎಂದಮೇಲೆ ಬೆಲೆ ಇಳಿಯುತ್ತಲೇ ಹೋಯಿತು. ಹೊರದೇಶದಲ್ಲಿ ಡಬ್ಬಿಯ ಮೇಲೆ "ಭಾರತದಲ್ಲಿ ತಯಾರಾದದ್ದು" ಎಂಬುದನ್ನು ಓದಿ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಡಬ್ಬಿಯಿಂದ ರೋಗಿಯ ಬಾಯಿಯವರೆಗಿನ ದಾರಿ ಬಹಳ ಉದ್ದ. ಅದನ್ನು ನಡೆದವರು ಕ್ಲಿನಿಕಲ್ ಆಫೀಸರ್‌ಗಳು, ಅವರ ಹಿಂದೆ ನರ್ಸ್‌ಗಳು. 2010ರ ಕೊನೆಯ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಮಂದಿ ಚಿಕಿತ್ಸೆಯಲ್ಲಿ ಬದುಕಿದ್ದರು.

ಕ್ಲಿನಿಕಲ್ ಆಫೀಸರ್ ಎಂಬ ಹುದ್ದೆ ನಮ್ಮಲ್ಲಿಲ್ಲ, ಹಾಗಾಗಿ ಒಂದು ಮಾತು. ವೈದ್ಯ ಪದವಿ ಇಲ್ಲ, ಕೆಲವು ವರ್ಷಗಳ ಡಿಪ್ಲೊಮಾ ತರಬೇತಿ. ಆದರೆ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಮಾಡುವವರಲ್ಲಿ ಹೆಚ್ಚಿನವರು ಇವರೇ. "ಡಾಕ್ಟರಲ್ಲದವರ ಕೈಗೆ ಇದನ್ನೆಲ್ಲ ಕೊಡುವುದೇ?" ಎಂದು ಹುಬ್ಬೇರಿಸುವವರನ್ನು ಅವರ ಹೊರರೋಗಿ ವಿಭಾಗದಲ್ಲಿ ಒಂದು ಸೋಮವಾರ ಬೆಳಿಗ್ಗೆ ನಿಲ್ಲಿಸಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನಾನು ಸೇರಿದ್ದು 2011ರಲ್ಲಿ, ಆಪ್ಷನ್ ಬಿ ಪ್ಲಸ್ ಎಂಬ ನೀತಿ ಜಾರಿಗೆ ಬಂದ ವರ್ಷ. ಅಲ್ಲಿಯವರೆಗೆ ರೋಗಲಕ್ಷಣ ಕಾಣದ ಸೋಂಕಿತ ಗರ್ಭಿಣಿಗೆ ಎಆರ್‌ಟಿ ಕೊಡಬೇಕೋ ಬೇಡವೋ ಎಂಬುದು ಸಿಡಿ4 ಎಣಿಕೆಯ ಮೇಲೆ ನಿಂತಿತ್ತು, ಎಣಿಸುವ ಯಂತ್ರವೋ ಎಲ್ಲೋ ದೂರದ ಊರಿನಲ್ಲಿ. ವರದಿ ಬರುವಷ್ಟರಲ್ಲಿ ಹೆರಿಗೆಯೇ ಆಗಿರುತ್ತಿತ್ತು. ಎಣಿಕೆಯ ಗೊಡವೆಯೇ ಬೇಡ, ಗರ್ಭಿಣಿಯೋ ಬಾಣಂತಿಯೋ ಸೋಂಕಿತಳೆಂದು ಗೊತ್ತಾದ ದಿನವೇ ಆರಂಭಿಸಿ ಜೀವನಪೂರ್ತಿ ಕೊಡೋಣ ಎಂದು ಮಲಾವಿ ತೀರ್ಮಾನಿಸಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಶಿಫಾರಸು ಮಾಡಿದ್ದು 2013ರಲ್ಲಿ. ತೀರ್ಮಾನ ಕಾಗದದ ಮೇಲೆ ಸುಲಭ; ಕಾರ್ಯರೂಪಕ್ಕೆ ತರಬೇಕಾದವರು ಹೆರಿಗೆ ಕೋಣೆಯ ನರ್ಸ್‌ಗಳು. ಅದುವರೆಗೆ ಎಆರ್‌ಟಿ ಅವರ ಕೆಲಸವೇ ಆಗಿರಲಿಲ್ಲ. 2011ರ ಎರಡನೇ ತ್ರೈಮಾಸಿಕದಲ್ಲಿ ದೇಶದಾದ್ಯಂತ ಎಆರ್‌ಟಿ ಆರಂಭಿಸಿದ ಗರ್ಭಿಣಿಯರು ಮತ್ತು ಬಾಣಂತಿಯರು 1,257 ಮಂದಿ. 2012ರ ಮೂರನೇ ತ್ರೈಮಾಸಿಕದಲ್ಲಿ 10,663. ಹಗಲು ಹೆರಿಗೆ ಮಾಡಿಸಿ, ಸಂಜೆ ಕೂತು ರಿಜಿಸ್ಟರ್ ತುಂಬಿ, ಅದರ ನಡುವೆ ಹೊಸ ಪಾಠವನ್ನೂ ಕಲಿತವರು ಈ ಅಂಕಿಯ ಹಿಂದಿದ್ದಾರೆ.

ತರಬೇತಿ ಎಂದ ಕೂಡಲೇ ಹೋಟೆಲಿನ ಸಭಾಂಗಣ, ಪ್ರೊಜೆಕ್ಟರ್, ಮಧ್ಯಾಹ್ನದ ಊಟ, ಸಂಜೆ ಭತ್ಯೆಯ ಹಾಳೆಗೆ ಸಹಿ. ನೆರವಿನ ಹಣ ಹರಿಯುವ ಕಡೆಯೆಲ್ಲ ಇದು ಇದ್ದದ್ದೇ. ಭತ್ಯೆಯನ್ನು ಹೀಯಾಳಿಸುವವರ ಜೊತೆ ನಾನಿಲ್ಲ. ಅಲ್ಲಿಯ ನರ್ಸ್‌ನ ಸಂಬಳ ಎಷ್ಟೆಂದು ಬಲ್ಲವರು ಯಾರೂ ಹಾಗೆ ಮಾತನಾಡುವುದಿಲ್ಲ. ನನ್ನ ತಕರಾರು ಬೇರೆ. ಇಬ್ಬರೇ ನರ್ಸ್‌ಗಳಿರುವ ಕೇಂದ್ರದಿಂದ ಒಬ್ಬರನ್ನು ವಾರ ಪೂರ್ತಿ ಕರೆದೊಯ್ದರೆ ಹೆರಿಗೆ, ಲಸಿಕೆ, ಮಲೇರಿಯಾ, ಎಆರ್‌ಟಿ ಎಲ್ಲವೂ ಉಳಿದೊಬ್ಬರ ತಲೆಯ ಮೇಲೆ. ಚಿಲ್ವಾ ಸರೋವರದ ಕಡೆಯ ಒಂದು ಕೇಂದ್ರದ ಹಿರಿಯ ನರ್ಸ್ ಇದನ್ನು ಸುತ್ತುಬಳಸದೆ ಹೇಳಿದರು: "ಕಲಿಸುವುದಿದ್ದರೆ ಇಲ್ಲಿಗೇ ಬನ್ನಿ. ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಡುತ್ತೇನೆ. ರೋಗಿಗಳೂ ಇಲ್ಲೇ ಇದ್ದಾರಲ್ಲ." ಅಂದಿನಿಂದ ನಮ್ಮ ತಂಡದ ತರಬೇತಿಯೆಲ್ಲ ಆ ಕುರ್ಚಿಯ ಮೇಲೇ ನಡೆಯಿತು ಎಂದರೆ ತಪ್ಪಲ್ಲ. ಇಂಥ ಉಪಾಯಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ, ಕೈಪಿಡಿಗಳಿವೆ. ನನಗೆ ಅದನ್ನು ಹೇಳಿಕೊಟ್ಟವರು ಅವರು. ಅವರಿಗೆ ನನ್ನ ಪ್ರಣಾಮ.

ಆ ಕುರ್ಚಿಯ ಮೇಲೆ ಕೂತು ನೋಡಿದ ಒಂದು ಸಂಗತಿಯನ್ನು ಹೇಳಲೇಬೇಕು. ರೋಗಿ ಬಂದ ಕೂಡಲೇ ಹಳೆಯ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ತಟ್ಟೆಗೆ ಸುರಿದು ಎಣಿಸುವುದು ಕ್ರಮ. ಹೆಚ್ಚು ಉಳಿದಿದ್ದರೆ ನುಂಗಿಲ್ಲ ಎಂದರ್ಥ. ಆಗ ಬೈಗುಳ ಬಾಯಿಗೆ ಬರುವುದು ಸಹಜ, ನಮ್ಮ ಆಸ್ಪತ್ರೆಗಳಲ್ಲೂ ಅದೇ ಪಾಡು. ಬೈಸಿಕೊಂಡವರು ಮುಂದಿನ ಸಲ ಮಾತ್ರೆಯನ್ನು ಮನೆಯಲ್ಲೇ ಚೆಲ್ಲಿ, ಖಾಲಿ ಡಬ್ಬಿ ತರುತ್ತಾರೆ. ಈ ಹಿರಿಯ ನರ್ಸ್ ಮಾತ್ರ ಎಣಿಸುತ್ತ, ತಲೆ ಎತ್ತದೆ, "ಕಷ್ಟವಾದದ್ದು ಬೆಳಗಿನ ಹೊತ್ತೋ ರಾತ್ರಿಯೋ?" ಎಂದು ಕೇಳುತ್ತಿದ್ದರು. ಬಿಟ್ಟದ್ದು ಬಿಟ್ಟಾಗಿದೆ ಎಂದು ಮೊದಲೇ ಒಪ್ಪಿಕೊಂಡ ಪ್ರಶ್ನೆ. ಉತ್ತರ ತಾನಾಗಿ ಬರುತ್ತಿತ್ತು: ಗಂಡನಿಗೆ ಹೇಳಿಲ್ಲ, ಮೀನು ಹಿಡಿಯಲು ರಾತ್ರಿ ದೋಣಿಯಲ್ಲಿರುತ್ತೇನೆ, ಪಾದ ಉರಿಯುತ್ತದೆ. ಪಾದ ಉರಿ ಎಂದರೆ ಸ್ಟಾವುಡಿನ್ ಎಂಬ ಹಳೆಯ ಎಚ್‌ಐವಿ ಔಷಧದ ಅಡ್ಡ ಪರಿಣಾಮ, ಔಷಧ ಬದಲಿಸಬೇಕಾದ ಸೂಚನೆ. ಬೈದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ಒಂದು ಪ್ರಶ್ನೆಯನ್ನು ಮುಂದೆ ಎಲ್ಲ ಕೇಂದ್ರಗಳಲ್ಲೂ ನಾನು ಪಾಠವಾಗಿ ಹೇಳಿದೆ, ಅವರದ್ದೆಂದು ಹೇಳಿಯೇ.

ತಾಯಂದಿರಿಗೆ ಬೇರೆಯದೇ ಋಣವಿದೆ. ಆರು ವಾರದ ಮಗುವಿಗೆ ಸೋಂಕು ತಗುಲಿದೆಯೇ ಎಂದು ತಿಳಿಯಲು ಹಿಮ್ಮಡಿ ಚುಚ್ಚಿ ರಕ್ತ ತೆಗೆಯಬೇಕು. ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಹಿಮ್ಮಡಿಯ ಮಧ್ಯವನ್ನು ಬಿಟ್ಟು ಪಕ್ಕಕ್ಕೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ಎರಡನೆಯದು ತುಂಬಿಕೊಳ್ಳುವವರೆಗೆ ತಾಳ್ಮೆಯಿಂದ ಕಾದು, ಕಾಗದದ ಮೇಲಿನ ವೃತ್ತಕ್ಕೆ ಮೆಲ್ಲಗೆ ತಾಗಿಸಬೇಕು. ಹಿಂಡಬಾರದು, ಹನಿಯ ಮೇಲೆ ಹನಿ ಬೀಳಬಾರದು. ಹೀಗೆ ಐದು ವೃತ್ತ. ಅಷ್ಟೂ ಹೊತ್ತು ಮಗು ಕಿರುಚುತ್ತಿರುತ್ತದೆ, ಕಲಿಯುತ್ತಿರುವ ನರ್ಸ್‌ನ ಕೈ ನಡುಗುತ್ತಿರುತ್ತದೆ. ತುಂಬಿದ ಕಾರ್ಡನ್ನು ಬಿಸಿಲಿಗಿಡದೆ ಗಾಳಿಗೆ ಒಣಗಿಸಿ, ತೇವ ಹೀರುವ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿದರೆ ಪ್ರಯೋಗಾಲಯಕ್ಕೆ ಐಸ್ ಇಲ್ಲದೆ ಬೈಕಿನ ಮೇಲೆ ಹೋಗುತ್ತದೆ. ವೃತ್ತ ಸರಿಯಾಗಿ ತುಂಬದಿದ್ದರೆ ಮಾದರಿ ತಿರಸ್ಕೃತ, ತಾಯಿ ಮತ್ತೆ ಮೈಲುಗಟ್ಟಲೆ ನಡೆದು ಬರಬೇಕು. ಹೊಸಬರ ಕೈಗೆ ತಮ್ಮ ಮಗುವಿನ ಪಾದ ಕೊಟ್ಟ, ಒಮ್ಮೆ ಸರಿಯಾಗದಿದ್ದಾಗ ಇನ್ನೊಂದು ಪಾದ ಚಾಚಿದ ತಾಯಂದಿರು ನಮ್ಮ ಯಾವ ವರದಿಯಲ್ಲೂ ಇಲ್ಲ. ಜಿಲ್ಲೆಯ ನರ್ಸ್‌ಗಳು ಈ ಕೈಚಳಕವನ್ನು ಕಲಿತದ್ದು ಅವರ ಕೃಪೆಯಿಂದ.

ಇನ್ನು ಎಚ್‌ಎಸ್‌ಎಗಳು, ಆರೋಗ್ಯ ನಿಗಾ ಸಹಾಯಕರು. ಹತ್ತು ಹನ್ನೆರಡು ವಾರಗಳ ತರಬೇತಿ, ಒಂದು ಸೈಕಲ್, ಸುತ್ತಲಿನ ಹಳ್ಳಿಗಳು. ಸಿಡುಬಿನ ಲಸಿಕೆ ಹಾಕುತ್ತಿದ್ದವರ ಪರಂಪರೆ ಅದು. ಈಗ ಲಸಿಕೆ, ಮಕ್ಕಳ ಜ್ವರ, ಬಾವಿಗೆ ಕ್ಲೋರಿನ್, ಕ್ಷಯ, ಎಚ್‌ಐವಿ ಎಲ್ಲವೂ ಅವರದೇ. ಯಾವುದೇ ಹೊಸ ಯೋಜನೆ ಬರಲಿ, ಅದರ ಕೊನೆಯ ಕೊಂಡಿ ಅವರ ಕೊರಳಿಗೇ. ಇದು ನ್ಯಾಯವಲ್ಲ ಎಂದು ನಾನು ಸಭೆಗಳಲ್ಲಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಔಷಧಕ್ಕೆ ಬಾರದೆ ಉಳಿದವರ ಪಟ್ಟಿ ಹಿಡಿದು ಮನೆ ಹುಡುಕಿ ಹೋಗುವಾಗ ಅವರು ಸೈಕಲನ್ನು ಆ ಮನೆಯ ಮುಂದೆ ನಿಲ್ಲಿಸುತ್ತಿರಲಿಲ್ಲ. ನಾಲ್ಕು ಮನೆ ಆಚೆ ನಿಲ್ಲಿಸಿ, ದಾರಿಯ ಮೂರು ಮನೆಗಳಲ್ಲಿ ಮಕ್ಕಳ ಲಸಿಕೆ ವಿಚಾರಿಸಿ, ಆಮೇಲೆ ಅಲ್ಲಿಗೆ ಹೋಗುತ್ತಿದ್ದರು. ಊರಿನ ಕಣ್ಣಿಗೆ ಅದು ಲಸಿಕೆಯ ಭೇಟಿ. ಗೌಪ್ಯತೆ ಎಂಬ ನಮ್ಮ ಪಾಠದಲ್ಲಿ ಇದು ಇರಲಿಲ್ಲ.

ಸೋಂಕಿತರೇ ಆಗಿದ್ದು ಹೊಸಬರಿಗೆ ಧೈರ್ಯ ಹೇಳುತ್ತಿದ್ದ ಆಪ್ತಸಮಾಲೋಚಕರಿಗೆ, ಕೆಸರಿನಲ್ಲಿ ಹೂತ ಜೀಪನ್ನು ಗೊಣಗದೆ ಎತ್ತಿಸಿದ ಚಾಲಕರಿಗೆ, ಔಷಧ ಉಗ್ರಾಣದ ಬೀಗದ ಕೈ ಇಟ್ಟುಕೊಂಡು ರಜೆಯ ದಿನವೂ ಬಂದವರಿಗೆ ವಂದನೆ.

ಕಷ್ಟದ ದಿನಗಳೂ ಬಂದವು. 2022ರಲ್ಲಿ ಶುರುವಾದ ಕಾಲರಾ ದೇಶದಲ್ಲಿ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದು ಅಡಗುವ ಮುನ್ನವೇ, 2023ರ ಮಾರ್ಚ್‌ನಲ್ಲಿ, ಫ್ರೆಡ್ಡಿ ಚಂಡಮಾರುತ ದಕ್ಷಿಣದ ಜಿಲ್ಲೆಗಳನ್ನು ಕೊಚ್ಚಿತು. ಮನೆಯ ಜೊತೆ ಮಾತ್ರೆ, ಹೆಲ್ತ್ ಪಾಸ್‌ಪೋರ್ಟ್ ಎಂಬ ಪುಟ್ಟ ದಾಖಲೆ ಪುಸ್ತಕ ಎರಡೂ ಹೋದವರು ಶಿಬಿರಗಳಲ್ಲಿ ಸಾಲು ನಿಂತಾಗ, ನರ್ಸ್‌ಗಳು ಹಳೆಯ ನೋಟ್‌ಬುಕ್ಕುಗಳನ್ನು ಅರ್ಧಕ್ಕೆ ಕತ್ತರಿಸಿ ಹೊಸ ಪುಸ್ತಕ ಮಾಡಿಕೊಟ್ಟರು. ಯಾರು 13ಎ ತೆಗೆದುಕೊಳ್ಳುತ್ತಿದ್ದರು ಎಂಬುದು ಎಷ್ಟೋ ಮಂದಿಯ ವಿಷಯದಲ್ಲಿ ಅವರ ನೆನಪಿನಲ್ಲೇ ಇತ್ತು. (2019ರಿಂದ ಬಳಕೆಗೆ ಬಂದ ಡೊಲುಟೆಗ್ರಾವಿರ್ ಇರುವ ಮಾತ್ರೆಗೆ ಅಲ್ಲಿಯ ಸಂಕೇತ 13ಎ. ಔಷಧದ ಉದ್ದುದ್ದ ಹೆಸರು ಯಾರೂ ಹೇಳುವುದಿಲ್ಲ.)

ಆಮೇಲೆ 2025. ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶ ಹೊರಡಿಸಿತು. ಆ ಹಣದಿಂದ ಸಂಬಳ ಪಡೆಯುತ್ತಿದ್ದವರು, ಅದರಲ್ಲೂ ಪರೀಕ್ಷೆ ಮಾಡುತ್ತಿದ್ದ ಸಹಾಯಕರು, ಒಂದು ವಾರದ ಹಿಂದಿನವರೆಗೂ ಇದ್ದ ಮೇಜಿನಿಂದ ಎದ್ದು ಮನೆಗೆ ಹೋಗಬೇಕಾಯಿತು. ನೆರವನ್ನು ಹೀಗೆ ನಿಲ್ಲಿಸಿದ್ದು ಕ್ರೂರ ಎಂದೇ ನನ್ನ ಅಭಿಪ್ರಾಯ. 2020–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಸೋಂಕಿದೆ ಎಂದು ತಿಳಿದಿದ್ದ ವಯಸ್ಕರಲ್ಲಿ ಶೇ 97ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಲ್ಲಿದ್ದರು, ಅವರಲ್ಲಿ ಶೇ 96ಕ್ಕೂ ಹೆಚ್ಚು ಮಂದಿಯ ವೈರಾಣು ಹತೋಟಿಯಲ್ಲಿತ್ತು. ಅಷ್ಟು ಎತ್ತರಕ್ಕೆ ಕಟ್ಟಿದ್ದನ್ನು ಒಂದು ಸಹಿಯಿಂದ ಅಲುಗಾಡಿಸಿದರು. ಆ ತಿಂಗಳುಗಳಲ್ಲಿ ಸರ್ಕಾರಿ ಸಂಬಳದ ನರ್ಸ್‌ಗಳು ತಮ್ಮ ಕೆಲಸದ ಜೊತೆ ಹೋದವರ ಕೆಲಸವನ್ನೂ ಹೊತ್ತರು. ಬೇರೆ ಬೇರೆ ಬಗೆಯ ಕಿಟ್‌ನಲ್ಲಿ ಪರೀಕ್ಷಿಸುವುದು, ಗಡಿಯಾರ ನೋಡಿ ಫಲಿತಾಂಶ ಓದುವುದು, ತ್ರೈಮಾಸಿಕ ಲೆಕ್ಕವನ್ನು ಪೆನ್ಸಿಲಿನಲ್ಲಿ ಗೀಟು ಹಾಕಿ ಕೂಡುವುದು, ಎಲ್ಲ ಅವರಿಗೆ ಬರುತ್ತಿತ್ತು. ಬೆಂಚಿನ ಮೇಲಿನ ಸಾಲು ಮಧ್ಯಾಹ್ನಕ್ಕೆ ಬದಲು ಸಂಜೆಗೆ ಕರಗಿತು, ಆದರೆ ಕರಗಿತು.

ಹೊರಡುವ ಮುನ್ನ, ಕೇಂದ್ರಗಳಿಗೆ ಭೇಟಿ ಕೊಟ್ಟಾಗ ಏನೇನು ನೋಡಬೇಕು ಎಂದು ನಾನು ವರ್ಷಗಳಿಂದ ತಿದ್ದಿ ತೀಡಿದ್ದ ಪರಿಶೀಲನಾ ಪಟ್ಟಿಯನ್ನು ಹೊಸ ತರಬೇತುದಾರರಿಗೆ ಒಪ್ಪಿಸಿದ್ದೆ. ಅವರು ಅದರಲ್ಲಿ ಮೂರನೇ ಒಂದು ಭಾಗವನ್ನು ಹೊಡೆದುಹಾಕಿದ್ದಾರೆ. ಕೆಲವು ನಿಜಕ್ಕೂ ಕಸವೇ ಆಗಿದ್ದವು. ಎರಡು ಅಂಶಗಳನ್ನು ಬಿಟ್ಟದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ, ಫೋನಿನಲ್ಲಿ ವಾದಿಸಿದೆ. "ಮುಂದಿನ ತ್ರೈಮಾಸಿಕದ ಲೆಕ್ಕ ಬರಲಿ ಮೇಡಂ, ಆಮೇಲೆ ಮಾತನಾಡೋಣ" ಎಂದರು. ಆಗಲಿ, ಲೆಕ್ಕ ಬರಲಿ.