ಮೇಲಿನ ಬರ್ತಿನ ವಿಷಯ

ಬಸವನಗುಡಿ, ಬೆಂಗಳೂರು

ಚಿ. ಸೌ. ಮಗಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಸಿಂಗಪುರದಲ್ಲಿ ಹಡಗು ಹತ್ತುವುದು, ಪೆನಾಂಗ್, ಫುಕೆಟ್, ಎಲ್ಲವನ್ನೂ ಓದಿ ಸಂತೋಷಪಟ್ಟೆ. ಆದರೆ ಕೊನೆಯಲ್ಲಿ ನೀನು ಸುಮ್ಮನೆ ಸೇರಿಸಿದ ಒಂದು ಸಾಲು ನನ್ನನ್ನು ರಾತ್ರಿಯಿಡೀ ಕಾಡಿತು. ಕ್ಯಾಬಿನ್ನಿನಲ್ಲಿ ಮೇಲೊಂದು ಬರ್ತ್ ಇದೆ, ಪುಟ್ಟ ಅಲ್ಲೇ ಮಲಗುತ್ತೇನೆಂದು ಹಟ ಹಿಡಿದಿದ್ದಾನೆ, ಕಟಕಟೆ ಇರುವುದರಿಂದ ಬೀಳುವುದಿಲ್ಲ ತಾನೇ, ಎಂದು ಕೇಳಿದ್ದೀಯೆ. ಹಾಗೆ ಕೇಳಿದೆಯೆಂದರೆ ನಿನ್ನ ಮನಸ್ಸಿನಲ್ಲೂ ಅಳುಕಿದೆ ಎಂದೇ ಅರ್ಥ ಮಾಡಿಕೊಂಡು ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡಪ್ಪನವರ ನಿವೃತ್ತಿಯ ನಂತರ ನಾವು ಹೋದ ಹಡಗಿನಲ್ಲೂ ಅಂಥ ಬರ್ತ್ ಇತ್ತು. ಹಗಲಿನಲ್ಲಿ ಗೋಡೆಗೋ ಚಾವಣಿಗೋ ಮಡಚಿಕೊಂಡಿರುವ ಅದನ್ನು ಸಂಜೆ ಕೋಣೆ ಅಣಿಗೊಳಿಸಲು ಬರುವ ಸ್ಟುವರ್ಡ್ ಕೆಳಕ್ಕಿಳಿಸಿ, ಹಾಸಿಗೆ ಹಾಸಿ, ಏಣಿ ಸಿಕ್ಕಿಸಿ ಹೋಗುತ್ತಾನೆ. ಕಟಕಟೆ ಇರುತ್ತದೆ, ನಿಜ. ಆದರೆ ಅದು ನಿದ್ದೆಯಲ್ಲಿ ಹೊರಳುವ ಮಗುವನ್ನು ತಡೆಯುತ್ತದೆಯೇ ಹೊರತು ಎದ್ದ ಮಗುವನ್ನು ತಡೆಯುವುದಿಲ್ಲ. ಹಡಗು ಓಲಾಡುವುದರ ಬಗ್ಗೆ ನೀನು ಹೆದರಿದ್ದೀಯೆ, ನನಗೆ ಅದರ ಹೆದರಿಕೆ ಅಷ್ಟಿಲ್ಲ. ದೊಡ್ಡ ಹಡಗುಗಳಿಗೆ ಓಲಾಟ ತಗ್ಗಿಸುವ ರೆಕ್ಕೆಗಳು ನೀರಿನೊಳಗೆ ಇರುತ್ತವೆ, ನಡುಭಾಗದ ಕೆಳ ಅಂತಸ್ತಿನ ಕ್ಯಾಬಿನ್ ಸಿಕ್ಕರೆ ಇನ್ನೂ ಒಳ್ಳೆಯದು. ನನ್ನ ಹೆದರಿಕೆ ಬೇರೆ. ನಾಲ್ಕು ವರ್ಷದ ಹುಡುಗ ನಡುರಾತ್ರಿ ಮೂತ್ರಕ್ಕೆಂದು ಏಳುತ್ತಾನೆ, ಎಲ್ಲಿದ್ದೇನೆಂದು ತಿಳಿಯುವುದಿಲ್ಲ, ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನಾದರೆ ಕತ್ತಲೆಯಲ್ಲಿ ಕೈ ಕೂಡ ಕಾಣುವುದಿಲ್ಲ, ಅಮ್ಮನನ್ನು ಹುಡುಕಿಕೊಂಡು, ಮನೆಯ ಮಂಚವೆಂದೇ ತಿಳಿದು, ಏಣಿಗೆಂದು ಕಟಕಟೆ ಬಿಟ್ಟಿರುವ ಕಡೆಗೇ ಕಾಲಿಡುತ್ತಾನೆ.

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಇದು ಬರಿಯ ಕಲ್ಪನೆಯಾಗಿ ಉಳಿಯುವುದಿಲ್ಲವಮ್ಮ. ಚಿಕ್ಕ ಮಕ್ಕಳಿಗೆ ಮೈಯ ಲೆಕ್ಕದಲ್ಲಿ ತಲೆಯೇ ಭಾರ, ಆದ್ದರಿಂದ ಎತ್ತರದಿಂದ ಬಿದ್ದಾಗ ಪೆಟ್ಟು ತಲೆಗೇ ಆಗುವುದು ಹೆಚ್ಚು. ರಾತ್ರಿ ಪಾಳಿಯಲ್ಲಿ ಅಂಥ ಮಗುವನ್ನು ಎತ್ತಿಕೊಂಡು ಬಂದ ತಂದೆತಾಯಂದಿರು ಹೇಳುತ್ತಿದ್ದುದು ಒಂದೇ ಮಾತು: ಮಲಗಿದ್ದ ಸಿಸ್ಟರ್, ಚೆನ್ನಾಗಿ ಮಲಗಿದ್ದ.

ಆರು ವರ್ಷ ತುಂಬದ ಮಕ್ಕಳನ್ನು ಬಂಕ್ ಮಂಚದ, ಅಂದರೆ ಒಂದರ ಮೇಲೊಂದು ಜೋಡಿಸಿದ ಮಂಚದ, ಮೇಲಿನ ಹಾಸಿಗೆಯಲ್ಲಿ ಮಲಗಿಸಬಾರದೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತದೆ. ಅಲ್ಲಿನ ಮನೆಗಳ ಬಂಕ್ ಮಂಚಗಳಿಗೆ ಇನ್ನೊಂದು ನಿಯಮವೂ ಇದೆ, ಮೇಲಿನ ಹಾಸಿಗೆಯ ಕಟಕಟೆಯ ಸಂದು 3.5 ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವಾದರೆ ಮಗುವಿನ ಮೈ ಜಾರಿ ಹೊರಬಂದು ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಬೀಳುವುದಿಲ್ಲ ತಾನೇ ಎಂದು ಕೇಳಿದೆಯಲ್ಲ, ಕಟಕಟೆಯ ಭರವಸೆ ಎಲ್ಲಿಯವರೆಗೆ ಎಂಬುದಕ್ಕೆ ಬರೆದೆ.

ಇಷ್ಟು ಬರೆದ ಮೇಲೆ ನನಗೇ ಸಂಕೋಚವಾಗುತ್ತಿದೆ. ವಾರ್ಡಿನ ಭಯವನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಮನೆಗೆ ತರುತ್ತಿದ್ದವಳು ನಾನು. ಮೀಟರ್ ಗೇಜ್ ರೈಲಿನ ಕಾಲದಲ್ಲಿ ಹುಬ್ಬಳ್ಳಿಗೆ ಹೋಗುವಾಗಲೆಲ್ಲ ನಿನ್ನ ಅಕ್ಕ ಮೇಲಿನ ಬರ್ತಿಗೆ ಅಂಗಲಾಚುತ್ತಿದ್ದಳು. ನಾಲ್ಕು ವರ್ಷದಲ್ಲಿ ಬೇಡವೆಂದೆ, ಅದು ಸರಿಯೇ. ಹತ್ತು ವರ್ಷದಲ್ಲೂ ಬೇಡವೆಂದೆ, ಹದಿಮೂರರಲ್ಲೂ ಕೆಳಗೆ ನನ್ನ ಮಗ್ಗುಲಲ್ಲೇ ಮಲಗಿಸಿಕೊಂಡೆ. ಮೊದಲ ಸಲ ಮೇಲೆ ಮಲಗಿದ್ದು ಹಾಸ್ಟೆಲಿಗೆ ಹೋಗುವಾಗ ಎಂದು ಈಚೆಗೆ ಫೋನಿನಲ್ಲಿ ನಗುತ್ತ ಹೇಳಿದಳು. ನಗುತ್ತಲೇ ಹೇಳಿದಳು, ಆದರೂ ನನಗೆ ಚುರುಕ್ಕೆಂದಿತು. ಭಯಕ್ಕೆ ವಯಸ್ಸಿನ ಲೆಕ್ಕ ಇಡಬೇಕಿತ್ತು, ನಾನು ಇಡಲಿಲ್ಲ. ಆದ್ದರಿಂದ ಪುಟ್ಟನಿಗೆ ನನ್ನ ಹೆಸರು ಹೇಳಿ ಬೇಡವೆನ್ನಬೇಡ. ಆರು ತುಂಬಿದ ಮೇಲೆ ಮಲಗುವೆಯಂತೆ ಎಂದು ಹೇಳು.

ಈ ಸಲ ಅವನಿಗೆ ಸೋಫಾ ಮಂಚ ಸಾಕು, ನೆಲಕ್ಕೆ ಹತ್ತಿರವಿರುತ್ತದೆ. ಅದಿಲ್ಲದ ಕ್ಯಾಬಿನ್ನಾದರೆ ನೀವಿಬ್ಬರು ಮಲಗುವ ಮಂಚಗಳನ್ನು ಬೇರೆ ಮಾಡಿಸಿ ಒಂದನ್ನು ನಿನಗೂ ಅವನಿಗೂ ಇಟ್ಟುಕೊಂಡು, ಮೇಲಿನದಕ್ಕೆ ಅಳಿಯಂದಿರನ್ನೇ ಹತ್ತಿಸು, ಅವರು ಬೇಸರಪಟ್ಟುಕೊಳ್ಳುವವರಲ್ಲ. ರಾತ್ರಿ ಬಚ್ಚಲಿನ ದೀಪ ಉರಿಯುತ್ತಿರಲಿ, ಬಾಗಿಲು ಸ್ವಲ್ಪ ತೆರೆದಿರಲಿ. ಹಡಗಿನ ಬಚ್ಚಲಿಗೆ ಎತ್ತರದ ಹೊಸ್ತಿಲಿರುತ್ತದೆ, ಅದನ್ನು ಅವನಿಗೆ ಹಗಲಿನಲ್ಲೇ ತೋರಿಸಿಬಿಡು. ಬಾಲ್ಕನಿಯಿದ್ದರೆ ಕುರ್ಚಿಗಳನ್ನು ಕಂಬಿಯಿಂದ ದೂರ ಸರಿಸಿ, ಮಲಗುವ ಮುಂಚೆ ಬಾಗಿಲಿನ ಚಿಲಕವನ್ನು ನೀನೇ ನೋಡು. ಏಣಿಯನ್ನಂತೂ ರಾತ್ರಿ ಸಿಕ್ಕಿಸಿಡಬೇಡ. ಅಳಿಯಂದಿರು ಹತ್ತಿದ ಮೇಲೆ ತೆಗೆದು ನಿನ್ನ ಪಕ್ಕದಲ್ಲಿಟ್ಟುಕೋ, ಅವರು ಇಳಿಯಬೇಕಾದರೆ ನಿನ್ನನ್ನು ಎಬ್ಬಿಸಲಿ.

ಪುಟ್ಟಿಯ ಬಗ್ಗೆ ನೀನು ಏನೂ ಕೇಳಿಲ್ಲ, ಕೇಳದೆಯೇ ಹೇಳುತ್ತಿದ್ದೇನೆ, ಕ್ಷಮಿಸು. ಎಂಟು ತಿಂಗಳ ಮಗುವನ್ನು ನಿಮ್ಮಿಬ್ಬರ ನಡುವೆಯಾಗಲಿ ಸೋಫಾದ ಮೇಲಾಗಲಿ ಮಲಗಿಸಬೇಡ. ಜೋಡಿಸಿದ ಮಂಚಗಳ ನಡುವೆ, ಹಾಸಿಗೆ ಮತ್ತು ಗೋಡೆಯ ನಡುವೆ ಸಂದು ಬಿಟ್ಟುಕೊಳ್ಳುತ್ತದೆ, ಮಗುವಿನ ಮುಖ ಅಲ್ಲಿ ಸಿಕ್ಕಿದರೆ ಅಳಲೂ ಆಗುವುದಿಲ್ಲ. ಮೊದಲೇ ತಿಳಿಸಿದರೆ ಹಡಗಿನವರೇ ಮಗುವಿನ ತೊಟ್ಟಿಲು ಮಂಚ ಕೊಡುತ್ತಾರೆ, ಆದರೆ ಅವು ಎಣಿಕೆಯಷ್ಟೇ ಇರುವುದರಿಂದ ತಡಮಾಡಬೇಡ. ಅದರಲ್ಲಿ ಗಟ್ಟಿ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಹಾಸಿದ ಹಾಸುಬಟ್ಟೆ, ಅಂಗಾತ ಮಲಗಿಸುವುದು, ಇಷ್ಟೇ. ನಿನ್ನ ಅಮ್ಮ ಕೊಟ್ಟು ಕಳಿಸುವ ಸಾಸಿವೆ ದಿಂಬು ಬೇಡ. ಹತ್ತಿದ ದಿನವೇ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ ನೋಡಿಕೋ.

ಪುಟ್ಟನ ಹಟಕ್ಕೆ ಒಂದು ದಾರಿ ಹೊಳೆದಿದೆ. ಹಗಲಿನಲ್ಲಿ ಒಮ್ಮೆ ಆ ಬರ್ತನ್ನು ಇಳಿಸಿಕೊಡಲು ಸ್ಟುವರ್ಡನನ್ನು ಕೇಳು. ನೀನು ಕೆಳಗೆ ಏಣಿ ಹಿಡಿದು ನಿಂತಿರು, ಅವನು ಹತ್ತಿ ಬೇಕಾದಷ್ಟು ಹೊತ್ತು ಕುಳಿತಿರಲಿ. ರಾತ್ರಿ ಊಟಕ್ಕೆ ಮುಂಚೆ ಇಳಿಸಿಕೊಂಡರಾಯಿತು.

ಯಾವ ಕ್ಯಾಬಿನ್ ಕೊಟ್ಟಿದ್ದಾರೆ, ಸೋಫಾ ಮಂಚ ಇದೆಯೇ ಎಂದು ಏಜೆಂಟರನ್ನು ಈ ವಾರವೇ ವಿಚಾರಿಸಿ ನನಗೆ ಬರೆ. ಅಲ್ಲಿಯವರೆಗೆ ನನಗೆ ಸಮಾಧಾನವಿಲ್ಲ.

ಇಂತಿ ನಿನ್ನ
ದೊಡ್ಡಮ್ಮ