ಹಣ ಕೊಟ್ಟವರ ಹೆಸರನ್ನೂ ಅಚ್ಚು ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಲಿಂಗವನ್ನು ಕಾನೂನಿನ ಪ್ರಕಾರ ಬದಲಾಯಿಸಿಕೊಳ್ಳುವುದನ್ನು ಸುಲಭ ಮಾಡಲು ಹೊರಟ ಸ್ಕಾಟ್ಲೆಂಡಿನ ಲಿಂಗ ಮಾನ್ಯತೆ ಮಸೂದೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಅದರ ಬೆನ್ನಿಗೆ ಬಂದ ಓದುಗರಿಬ್ಬರ ಪತ್ರಗಳನ್ನೂ ಓದಿದೆ. ಲೇಖನದಲ್ಲಿ 'ಸಮೀಕ್ಷೆಯೊಂದರ ಪ್ರಕಾರ ಅಲ್ಲಿನ ಶೇ 57ರಷ್ಟು ಜನ ಬದಲಾವಣೆಯ ಪರ' ಎಂದಿತ್ತು. ಪತ್ರ ಬರೆದ ಒಬ್ಬರು, ಅದು ಎನ್‌ಜಿಒಗಳು ದುಡ್ಡು ಕೊಟ್ಟು ಮಾಡಿಸಿದ್ದು, ನಿಜವಾದ ಲೆಕ್ಕ ಶೇ 60ರಷ್ಟು ವಿರೋಧ ಎಂದರು. ಇನ್ನೊಬ್ಬರು, ಆ ಅರವತ್ತರ ಹಿಂದೆ ಇರುವುದು ಮತೀಯ ಸಂಘಟನೆಗಳ ಹಣ ಎಂದು ತಿರುಗೇಟು ಕೊಟ್ಟರು. ಇಬ್ಬರೂ ಪುರಾವೆ ಕೊಡಲಿಲ್ಲ. ಲೇಖನ ಬರೆದವರೂ ಸಮೀಕ್ಷೆ ಮಾಡಿಸಿದವರು ಯಾರೆಂದು ಹೇಳಿರಲಿಲ್ಲವಾದ್ದರಿಂದ ಓದುಗರನ್ನಷ್ಟೇ ದೂರುವಂತಿಲ್ಲ.

ಎರಡೂ ಅಂಕಿ ನಿಜವೇ. ಶೇ 57 ಎಂಬುದು ಬಿಬಿಸಿ ಸ್ಕಾಟ್ಲೆಂಡ್‌ಗಾಗಿ ಸವಾಂಟಾ ಕಾಮ್ರೆಸ್ ಎಂಬ ಸಮೀಕ್ಷಾ ಕಂಪನಿ ಮಾಡಿದ ಸಮೀಕ್ಷೆಯದು, 2022ರ ಫೆಬ್ರುವರಿಯಲ್ಲಿ ಬಂದದ್ದು. ಶೇ 60ರ ವಿರೋಧ 'ದಿ ಟೈಮ್ಸ್' ಪತ್ರಿಕೆಗಾಗಿ ಯೂಗವ್ ಎಂಬ ಇನ್ನೊಂದು ಸಮೀಕ್ಷಾ ಕಂಪನಿ ಮಾಡಿದ್ದು, ಅದೇ ವರ್ಷದ ಡಿಸೆಂಬರಿನದು. ಎನ್‌ಜಿಒ ಅಲ್ಲ, ಮಠ ಮಂದಿರ ಚರ್ಚುಗಳೂ ಅಲ್ಲ, ಎರಡು ಸುದ್ದಿಮನೆಗಳು. ಟೈಮ್ಸ್ ಮಾಧ್ಯಮೋದ್ಯಮಿ ಮರ್ಡೋಕ್ ಕುಟುಂಬದ ಕಂಪನಿಯದು, ಬಿಬಿಸಿ ಜನ ಕಟ್ಟುವ ಟಿ.ವಿ. ಲೈಸೆನ್ಸ್ ಶುಲ್ಕದಿಂದ ನಡೆಯುವುದು, ಅವಕ್ಕೂ ಒಲವು ಇರಬಹುದು ಎಂದು ವಾದಿಸುವವರು ವಾದಿಸಲಿ. ಆದರೆ ಆ ವಾದ ಮಾಡುವುದಕ್ಕಾದರೂ ಹೆಸರು ಗೊತ್ತಿರಬೇಕಲ್ಲ.

ಈ ವಿಷಯದಲ್ಲಿ ನಾನು ಬಾಯಿ ಹಾಕುವುದಕ್ಕೆ ಕಾರಣವಿದೆ. ಮಾರುಕಟ್ಟೆ ಸಮೀಕ್ಷೆ ಕಂಪನಿಗಳಿಗೆ ಫೀಲ್ಡ್ ಸೂಪರ್‌ವೈಸರ್ ಆಗಿ ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದ ಕಡೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ ನಿವೃತ್ತಳಾದವಳು ನಾನು. ಸೋಪು, ಚಹಾಪುಡಿ, ಟಿ.ವಿ. ಧಾರಾವಾಹಿ, ಆಮೇಲಾಮೇಲೆ 'ಸಾಮಾಜಿಕ ಅಭಿಪ್ರಾಯ' ಎಂಬ ಹೆಸರಿನ ಸಮೀಕ್ಷೆಗಳು. ಹುಡುಗಿಯರನ್ನು ಬೀದಿಗೊಬ್ಬರಂತೆ ಬಿಟ್ಟು, ಸಂಜೆ ಫಾರಂ ತಿರುವಿ ನೋಡಿ, ಅನುಮಾನ ಬಂದ ಮನೆಗೆ ನಾನೇ ಮತ್ತೆ ಹೋಗಿ ಬ್ಯಾಕ್‌ಚೆಕ್, ಅಂದರೆ ಮರುಪರಿಶೀಲನೆ, ಮಾಡುವುದು ನನ್ನ ಕೆಲಸ.

ಹುಬ್ಬಳ್ಳಿಯಲ್ಲಿ ಬಾಗಿಲು ತೆಗೆದ ಅಜ್ಜಿಯರು ಮೊದಲು ಕೇಳುತ್ತಿದ್ದದ್ದು ಇದನ್ನೇ: 'ಯಾರು ಕಳಿಸ್ಯಾರವ್ವಾ ನಿನ್ನ? ರೇಶನ್ ಕಾರ್ಡ್ ಬಂದ್ ಮಾಡಾಕ ಬಂದೀಯೇನ?' ಪ್ರಶ್ನೆ ಸರಿಯಾದದ್ದು. ಉತ್ತರ ನಮ್ಮ ಬಳಿ ಇರುತ್ತಿರಲಿಲ್ಲ. ಸಮೀಕ್ಷೆ ಮಾಡಿಸುವವರ ಹೆಸರನ್ನು ಬೀದಿಯಲ್ಲಿ ಓಡಾಡುವವರಿಗೆ ಹೇಳುವ ಪದ್ಧತಿಯೇ ಈ ಕಸುಬಿನಲ್ಲಿಲ್ಲ. ಸೋಪಿನ ಕಂಪನಿಯ ಹೆಸರು ಮೊದಲೇ ಹೇಳಿಬಿಟ್ಟರೆ ಉತ್ತರ ಕೆಡುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಸೋಪಿನ ಮಟ್ಟಿಗೆ ಒಪ್ಪೋಣ. ಮನುಷ್ಯರ ಹಕ್ಕಿನ ಬಗ್ಗೆ ಕೇಳುವಾಗ ಮನೆಯವರಿಗೆ ಹೇಳದಿದ್ದರೂ ಫಲಿತಾಂಶ ಅಚ್ಚಾಗುವಾಗಲಾದರೂ ಹೇಳಬೇಡವೇ?

ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿ ತಂದಿತಲ್ಲ, ಅದಾದ ಮೇಲೆ ಒಂದು ಪ್ರಶ್ನಾವಳಿ ನಮ್ಮ ಕೈಗೆ ಬಂತು. ಮೊದಲ ಪ್ರಶ್ನೆ: ಸಿಗ್ನಲ್ ಹತ್ತಿರ ಅವರು ನಿಮ್ಮಿಂದ ಹಣ ಕೇಳಿದ್ದಾರೆಯೇ? ಎರಡನೆಯದು: ರೈಲಿನಲ್ಲಿ? ಆಮೇಲೆ: ಅಂಗಡಿ ಪೂಜೆಗೆ, ಗೃಹಪ್ರವೇಶಕ್ಕೆ ಬಂದು ಒತ್ತಾಯ ಮಾಡಿದ್ದಾರೆಯೇ? ನಿಮಗೆ ಭಯವಾಗಿದೆಯೇ? ಇಷ್ಟೆಲ್ಲ ಆದ ಮೇಲೆ ಐದನೆಯದು: ಇವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವುದನ್ನು ನೀವು ಒಪ್ಪುತ್ತೀರಾ? ಎದುರಿಗೆ ಕೂತವರ ಮುಖ ನಾಲ್ಕನೇ ಪ್ರಶ್ನೆಗೇ ಬಿಗಿದಿರುತ್ತಿತ್ತು. ಕೆಲವು ತಿಂಗಳ ನಂತರ ಬೇರೆ ಕಂಪನಿಯ ಹಾಳೆ ಬಂತು. ಅದರಲ್ಲಿ ಮೊದಲು ಮನೆಯವರೇ ಹೊರಗೆ ಹಾಕುವುದು, ಶಾಲೆ ಬಿಡುವುದು, ಬಾಡಿಗೆಗೆ ಮನೆ ಸಿಗದಿರುವುದು, ಇವೆಲ್ಲ ನಿಮಗೆ ಗೊತ್ತೇ ಎಂದು ಕೇಳಿ, ಕೊನೆಗೆ ಅದೇ ಮೀಸಲಾತಿಯ ಪ್ರಶ್ನೆ, ಅಕ್ಷರವೂ ಬದಲಾಗದೆ. ಅದೇ ಊರು, ಅದೇ ಥರದ ಬೀದಿಗಳು, ಉತ್ತರ ಮಾತ್ರ ಬೇರೆ. ಮೊದಲ ಹಾಳೆಯ ಬಗ್ಗೆ ಆಫೀಸಿಗೆ ಫೋನ್ ಮಾಡಿ, ಐದನೇ ಪ್ರಶ್ನೆಯನ್ನು ಮೊದಲಿಗೆ ತನ್ನಿ ಎಂದೆ. 'ಕ್ಲೈಂಟ್ ಅಪ್ರೂವ್ ಮಾಡಿದ್ದು ಮೇಡಂ, ಮುಟ್ಟುವಂತಿಲ್ಲ' ಎಂದರು. ಆ ಕ್ಲೈಂಟ್ ಯಾರೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅದೇ ಕೆಲಸದಲ್ಲಿ ದಾವಣಗೆರೆಯ ಒಂದು ಓಣಿಯಲ್ಲಿ ನಮ್ಮ ಹುಡುಗಿ ಬಾಗಿಲು ತಟ್ಟಿದ ಮನೆಯಲ್ಲಿದ್ದವರು ಸ್ವತಃ ಲಿಂಗತ್ವ ಅಲ್ಪಸಂಖ್ಯಾತೆ. ಎಂಥವರನ್ನು ಎಷ್ಟು ಮಂದಿ ಕೇಳಬೇಕೆಂದು ಲೆಕ್ಕ ಇಡುವ ಕೋಟಾ ಶೀಟಿನಲ್ಲಿ ಪುರುಷ ಅಂದರೆ 1, ಮಹಿಳೆ ಅಂದರೆ 2, ಅಷ್ಟೇ ಕಲಂ. ಹುಡುಗಿ ನನಗೆ ಫೋನ್ ಮಾಡಿದಳು, ನಾನು ಆಫೀಸಿಗೆ ಮಾಡಿದೆ, ಮುಂದಿನ ಮನೆಗೆ ಹೋಗಿ ಎಂದರು. ಅಷ್ಟರಲ್ಲಿ ಆಕೆ ನೀರು ಕೊಟ್ಟು, ಚಾಪೆ ಹಾಸಿ, ಹಾಳೆ ನೋಡಿ, 'ಇದನ್ನ ಕೇಳಾಕ ನಿಮಗ ಎಷ್ಟು ರೊಕ್ಕ ಕೊಡ್ತಾರ?' ಎಂದು ಕೇಳಿದರಂತೆ. ಮೀಸಲಾತಿಯ ಬಗ್ಗೆ ಆಕೆ ಹೇಳಿದ್ದು: ಮಾರ್ಕ್ಸ್ ಕಾರ್ಡಿನಲ್ಲಿ ಹಳೇ ಹೆಸರೇ ಇದೆ, ಅದನ್ನು ಬದಲಾಯಿಸಿ ಕೊಡುವವರು ಯಾರು, ಆಮೇಲಲ್ಲವೇ ಅರ್ಜಿ. ಇಡೀ ಪ್ರಶ್ನಾವಳಿಯಲ್ಲಿ ಆ ಮಾತು ಬರೆಯಲು ಜಾಗವಿರಲಿಲ್ಲ. ಫಾರಂ ರದ್ದಾಯಿತು.

ಆದ್ದರಿಂದ ಅನುಮಾನಪಡುವವರ ಪರ ನಾನಿದ್ದೇನೆ. ಆದರೆ ಅವರು ಅನುಮಾನಪಡುವ ಜಾಗ ಮಾತ್ರ ಸರಿಯಿಲ್ಲ. ದುಡ್ಡು ಕೊಟ್ಟವನು ಅಂಕಿ ತಿದ್ದಿಸುತ್ತಾನೆ ಎಂದು ಜನ ಭಾವಿಸುತ್ತಾರೆ. ಅಷ್ಟು ಕಷ್ಟಪಡಬೇಕಾದ ಅಗತ್ಯವೇ ಅವನಿಗೆ ಬರುವುದಿಲ್ಲ. ಯಾವ ಪ್ರಶ್ನೆ, ಯಾವ ಕ್ರಮದಲ್ಲಿ, ಬಂದ ಉತ್ತರಗಳಲ್ಲಿ ಯಾವುದನ್ನು ಪತ್ರಿಕೆಗೆ ಕೊಡುವುದು, ಯಾವುದನ್ನು ಡ್ರಾಯರಿನಲ್ಲಿಡುವುದು, ಇವು ಅವನ ಕೈಯಲ್ಲಿದ್ದರೆ ಸಾಕು.

ಸ್ಕಾಟ್ಲೆಂಡನ್ನೇ ನೋಡಿ. ಬಿಬಿಸಿಯ ಶೇ 57 ಬಂದದ್ದು, ಲಿಂಗವನ್ನು ಕಾನೂನಿನ ಪ್ರಕಾರ ಬದಲಾಯಿಸಿಕೊಳ್ಳುವ ವಿಧಾನವನ್ನು ಸುಲಭ ಮಾಡಬೇಕೇ ಎಂಬ ಒಟ್ಟಾರೆ ಪ್ರಶ್ನೆಗೆ. ವಿರೋಧ ಶೇ 20. ಟೈಮ್ಸ್‌ನ ಶೇ 60 ಬಂದದ್ದು, ವೈದ್ಯರ ಪ್ರಮಾಣಪತ್ರ ಬೇಕೆಂಬ ಷರತ್ತನ್ನು ತೆಗೆಯಬೇಕೇ ಎಂಬ ಒಂದು ಅಂಶಕ್ಕೆ; ಅದರ ಪರ ಇದ್ದವರು ಶೇ 20. ಸುಲಭವಾಗಲಿ, ಆದರೆ ಡಾಕ್ಟರ್ ಇರಲಿ ಎಂದು ಒಬ್ಬನೇ ಮನುಷ್ಯ ಎರಡನ್ನೂ ಹೇಳಬಹುದು. ಬಿಬಿಸಿಯ ಅದೇ ಸಮೀಕ್ಷೆಯಲ್ಲಿ ವಯಸ್ಸಿನ ಮಿತಿಯನ್ನು 18ರಿಂದ 16ಕ್ಕೆ ಇಳಿಸುವ ಮಾತು ಬಂದಾಗ ಒಪ್ಪಿದವರಿಗಿಂತ ಒಪ್ಪದವರೇ ಹೆಚ್ಚು. ಅದನ್ನೇ ತಲೆಬರಹ ಮಾಡಿದ್ದರೆ ನಿಮ್ಮ ಲೇಖನ ತಿರುವುಮುರುವಾಗುತ್ತಿತ್ತು, ಸಮೀಕ್ಷೆ ಮಾತ್ರ ಅದೇ.

ಇನ್ನೊಂದು ಕೈಚಳಕ ಹೇಳುತ್ತೇನೆ. 57ಕ್ಕೆ 20 ಸೇರಿಸಿದರೆ 77. ಉಳಿದ 23 ಮಂದಿ ಪರವನ್ನೂ ಹೇಳಿಲ್ಲ, ವಿರೋಧವನ್ನೂ ಹೇಳಿಲ್ಲ. ಅವರನ್ನು ಲೆಕ್ಕದಿಂದ ಕೈಬಿಟ್ಟರೆ ಬೆಂಬಲ ಶೇ 74ಕ್ಕೆ ಏರುತ್ತದೆ. ಟೈಮ್ಸ್‌ನ ಲೆಕ್ಕಕ್ಕೂ ಹಾಗೇ ಮಾಡಿ: ವಿರೋಧ ಶೇ 75. ಒಂದೇ ನಾಡಿನಲ್ಲಿ ಒಂದೇ ವರ್ಷ 'ನಾಲ್ವರಲ್ಲಿ ಮೂವರ ಬೆಂಬಲ' ಎಂದೂ ಬರೆಯಬಹುದು, 'ನಾಲ್ವರಲ್ಲಿ ಮೂವರ ವಿರೋಧ' ಎಂದೂ ಬರೆಯಬಹುದು. ಎರಡರಲ್ಲೂ ಸುಳ್ಳು ಅಂಕಿ ಒಂದೂ ಇಲ್ಲ. ಮಸೂದೆ 2022ರ ಡಿಸೆಂಬರ್ 22ರಂದು ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ 86–39 ಮತಗಳಿಂದ ಪಾಸಾಯಿತು, ಮುಂದಿನ ತಿಂಗಳೇ ಲಂಡನ್ನಿನ ಬ್ರಿಟನ್ ಸರ್ಕಾರ ತಡೆಯಿತು. ಆ ಹೊತ್ತಿಗೆ ಎರಡೂ ಬಣದವರ ಕೈಯಲ್ಲಿ ಒಂದೊಂದು ಸಮೀಕ್ಷೆ ಇತ್ತು.

ಇಷ್ಟನ್ನೆಲ್ಲ ನಾನು ದಾವಣಗೆರೆಯಲ್ಲಿ ಕೂತು ಹೇಳಲು ಆಗುತ್ತಿರುವುದು ಬ್ರಿಟಿಷ್ ಪೋಲಿಂಗ್ ಕೌನ್ಸಿಲ್ ಎಂಬ ಸಂಸ್ಥೆಯ ನಿಯಮದಿಂದ. ಅದರ ಸದಸ್ಯ ಕಂಪನಿಗಳು ಪ್ರಕಟವಾದ ಸಮೀಕ್ಷೆಯನ್ನು ಯಾರಿಗಾಗಿ ಮಾಡಿದ್ದು, ಎಂದು, ಎಷ್ಟು ಜನರನ್ನು ಹೇಗೆ ಕೇಳಿದ್ದು, ಪ್ರಶ್ನೆಯ ಪೂರ್ಣ ಪಾಠವೇನು ಎಂಬುದನ್ನು ಬಹಿರಂಗಪಡಿಸಲೇಬೇಕು. ಯೂಗವ್ ಸ್ಥಾಪಕರಲ್ಲೊಬ್ಬರು ಮುಂದೆ ಕನ್ಸರ್ವೇಟಿವ್ ಸರ್ಕಾರದಲ್ಲಿ ಮಂತ್ರಿಯಾದರು ಎಂಬುದನ್ನೇ ಹಿಡಿದು ಅಲ್ಲಿಯೂ ಅನುಮಾನಪಡುವವರಿದ್ದಾರೆ. ಆದರೆ ಲಿಂಗತ್ವ ಅಲ್ಪಸಂಖ್ಯಾತರ ಪರ ನಿಂತ ಸ್ಟೋನ್‌ವಾಲ್ ಸಂಸ್ಥೆ 2018ರ ತನ್ನ ವರದಿಗೆ ಸಮೀಕ್ಷೆ ಮಾಡಿಸಿದ್ದೂ ಇದೇ ಯೂಗವ್‌ನಿಂದಲೇ. ಕಂಪನಿ ಒಂದೇ, ಗಿರಾಕಿಗಳು ಎರಡೂ ಕಡೆಯವರು.

ಜನರನ್ನು ಸರಿಯಾಗಿ ಆರಿಸಿ ಕೇಳದೆ ಬಂದ ಅಂಕಿಗಳ ಕಥೆ ಇನ್ನೂ ಸ್ವಾರಸ್ಯ. 2018ರಲ್ಲಿ ಬ್ರಿಟನ್ ಸರ್ಕಾರ ತನ್ನ ಲಿಂಗ ಮಾನ್ಯತೆ ಕಾನೂನಿನ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕರೆದಾಗ ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅವುಗಳಲ್ಲಿ ದೊಡ್ಡ ಪಾಲು ಪರ ಮತ್ತು ವಿರೋಧದ ಸಂಘಟನೆಗಳು ಸಿದ್ಧಪಡಿಸಿ ಹಂಚಿದ ನಮೂನೆಗಳ ಮೂಲಕ ಬಂದದ್ದು. ಯಾರು ಹೆಚ್ಚು ಫಾರಂ ತುಂಬಿಸಿದರು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ನಮ್ಮಲ್ಲಿ 2023ರ ಏಪ್ರಿಲಿನಲ್ಲಿ, ಸಲಿಂಗ ವಿವಾಹದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ದೇಶದ ಶೇ 99.9ಕ್ಕೂ ಹೆಚ್ಚು ಜನ ಇದಕ್ಕೆ ವಿರುದ್ಧ ಎಂದು ಭಾರತೀಯ ವಕೀಲರ ಪರಿಷತ್ತು ನಿರ್ಣಯ ಮಾಡಿತು. ನನ್ನ ಇಡೀ ಕೆಲಸದಲ್ಲಿ ಚಹಾಪುಡಿಯ ವಿಷಯಕ್ಕೂ ಅಂಥ ಒಮ್ಮತ ಕಂಡವಳಲ್ಲ ನಾನು. ಮರುತಿಂಗಳು, ಆರ್‌ಎಸ್‌ಎಸ್ ಪರಿವಾರದ ಮಹಿಳಾ ಸಂಘಟನೆಗೆ ಸೇರಿದ ಸಂವರ್ಧಿನಿ ನ್ಯಾಸ ಹೊರಡಿಸಿದ ಸಮೀಕ್ಷೆಯಲ್ಲಿ ಶೇ 70ರಷ್ಟು ವೈದ್ಯರು ಸಲಿಂಗ ಪ್ರೇಮ ಒಂದು ಅಸ್ವಸ್ಥತೆ ಎಂದರೆಂದು ಸುದ್ದಿಯಾಯಿತು. ಉತ್ತರಿಸಿದವರು ದೇಶದಾದ್ಯಂತ 318 ಮಂದಿ. ಅಲೋಪತಿಯಿಂದ ಆಯುರ್ವೇದದವರೆಗೆ ಹಲವು ಪದ್ಧತಿಯವರು. ಇಲ್ಲಿ ಮಾಡಿಸಿದವರ ಹೆಸರು ಬಚ್ಚಿಟ್ಟಿರಲಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕತೆ. ಆದರೆ ತಲೆಬರಹದಲ್ಲಿ 70 ಎಂಬುದು ದಪ್ಪಕ್ಷರದಲ್ಲಿದ್ದರೆ 318ನ್ನು ಎಷ್ಟು ಜನ ಓದುತ್ತಾರೆ?

ಬೆಂಬಲದ ಕಡೆಯ ಅಂಕಿಗಳಿಗೂ ಇದೇ ಗತಿ. ಇಪ್ಸೋಸ್‌ನಂಥ ಕಂಪನಿಗಳು ಮಾಡುವ ಅಂತರರಾಷ್ಟ್ರೀಯ ಸಮೀಕ್ಷೆಗಳ ಭಾರತದ ಅಂಕಿ ನಗರವಾಸಿಗಳ ಒಂದು ಭಾಗವನ್ನಷ್ಟೇ ಪ್ರತಿನಿಧಿಸುತ್ತದೆ, ಆ ಮಾತನ್ನು ಅವರೇ ವರದಿಯ ಕೊನೆಯಲ್ಲಿ ಬರೆದಿರುತ್ತಾರೆ. ಪತ್ರಿಕೆಗೆ ಬರುವಾಗ ಅದು 'ಭಾರತೀಯರ ಅಭಿಪ್ರಾಯ' ಆಗಿರುತ್ತದೆ. ಹರಪನಹಳ್ಳಿಯ ರೈತನನ್ನು ಯಾರೂ ಕೇಳಿರುವುದಿಲ್ಲ.

ಈ ರೋಗಕ್ಕೆ ಮದ್ದು ನಿಮ್ಮ ಕಪಾಟಿನಲ್ಲೇ ಇದೆ ಸ್ವಾಮಿ. ಚುನಾವಣಾ ಪೂರ್ವ ಸಮೀಕ್ಷೆ ಪ್ರಕಟಿಸುವಾಗ ಅದನ್ನು ಮಾಡಿದ ಸಂಸ್ಥೆ, ಮಾಡಿಸಿದ ವ್ಯಕ್ತಿ ಅಥವಾ ಸಂಘಟನೆ, ಮಾದರಿಯ ಗಾತ್ರ ಮತ್ತು ಸ್ವರೂಪ, ಆರಿಸಿದ ವಿಧಾನ, ಇರಬಹುದಾದ ತಪ್ಪಿನ ಪ್ರಮಾಣ, ಇಷ್ಟನ್ನೂ ಎದ್ದು ಕಾಣುವಂತೆ ಮೊದಲೇ ಹಾಕಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಯಾವ ಪಕ್ಷಕ್ಕೆ ಎಷ್ಟು ಸೀಟು ಎಂಬುದಕ್ಕೆ ಇಷ್ಟು ಕಟ್ಟುಪಾಡು ಇರುವಾಗ, ಒಂದು ಸಮುದಾಯಕ್ಕೆ ಕೆಲಸ, ಮನೆ, ಗುರುತಿನ ಚೀಟಿ ಸಿಗಬೇಕೇ ಬೇಡವೇ ಎಂಬ ಸಮೀಕ್ಷೆಗೆ ಯಾಕಿಲ್ಲ? 2011ರ ಜನಗಣತಿಯಲ್ಲಿ 'ಇತರೆ' ಎಂದು ದಾಖಲಾದವರು ಕರ್ನಾಟಕದಲ್ಲಿ 20,266 ಮಂದಿ. ಅಷ್ಟು ಚಿಕ್ಕ ಸಮುದಾಯದ ಬಗ್ಗೆ ಉಳಿದವರೆಲ್ಲ ಸೇರಿ ಹೇಳುವ ಅಭಿಪ್ರಾಯವನ್ನು ಅಚ್ಚು ಹಾಕುವಾಗ ಸೀಟಿನ ಲೆಕ್ಕಕ್ಕಿಂತ ಹೆಚ್ಚೇ ಎಚ್ಚರ ಬೇಕು ಎಂಬುದು ನನ್ನ ಅಭಿಪ್ರಾಯ.

ಜಾಗವಿಲ್ಲ ಎನ್ನಬೇಡಿ. ಸುದ್ದಿಯ ಕೆಳಗೆ ಎರಡು ಸಾಲು ಸಾಕು. ಪ್ರಶ್ನೆಯ ಪೂರ್ಣ ಪಾಠ ಸೇರಿಸಿದರೆ ಮೂರು. ಮಾಡಿಸಿದವರ ಹೆಸರು ಗೊತ್ತಾಗದ ಸಮೀಕ್ಷೆ ಬಂದರೆ 'ಮಾಡಿಸಿದವರು ತಿಳಿದುಬಂದಿಲ್ಲ' ಎಂದೇ ಹಾಕಿ, ಓದುಗರು ಅದಕ್ಕೆ ತಕ್ಕ ಬೆಲೆ ಕಟ್ಟಿಕೊಳ್ಳುತ್ತಾರೆ. ಸದ್ಯಕ್ಕೆ ಆ ಲೇಖನಕ್ಕೆ ಸ್ಪಷ್ಟನೆ ಹಾಕುವುದಾದರೆ, ನಿಮ್ಮ ಉಪಸಂಪಾದಕರಿಗೆ ಬೇಕಾದ ವಿವರ ಈ ಪತ್ರದ ಎರಡನೇ ಪ್ಯಾರಾದಲ್ಲಿದೆ.

ಇಂತಿ,
ನಿವೃತ್ತ ಫೀಲ್ಡ್ ಸೂಪರ್‌ವೈಸರ್,
ದಾವಣಗೆರೆ