ಟಂಕಸಾಲೆಯ ದೋಷ ಯಾವುದು, ಹೊರಗಿನ ಪೆಟ್ಟು ಯಾವುದು?

ಮಾನ್ಯ ಸಂಪಾದಕರೇ,

‘ಮಿಸ್‌ಪ್ರಿಂಟ್ ಆದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಾಂತರ ಬೆಲೆ’ ಎಂಬಂಥ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದು, ಅವನ್ನು ನಂಬಿ ಮನೆಯ ಚಿಲ್ಲರೆ ಡಬ್ಬಿಯನ್ನೆಲ್ಲ ಜಾಲಾಡುವವರೂ, ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಕಡೆ ಹೋಗಿ ಸೊಟ್ಟಗಾದ ನಾಣ್ಯಗಳಿಗೆ ನೂರಾರು ರೂಪಾಯಿ ಕೊಡುವವರೂ ನಮ್ಮ ಬೆಂಗಳೂರಿನಲ್ಲಿ ಕಾಣಸಿಗುತ್ತಾರೆ. ಹಳೆಯ ನೋಟು, ನಾಣ್ಯಗಳ ವ್ಯವಹಾರದ ನೆಪದಲ್ಲಿ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್ ಕೇಳುವವರನ್ನು ನಂಬಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಹೊರಡಿಸಿದೆ. ಆ ಎಚ್ಚರಿಕೆ ಅಗತ್ಯವೇ. ಆದರೆ ಕೈಯಲ್ಲಿರುವ ನಾಣ್ಯದ ವಿಕಾರ ಟಂಕಸಾಲೆಯೊಳಗೆ ಆದದ್ದೋ ಹೊರಗೆ ಬಂದ ಮೇಲೆ ಆದದ್ದೋ ಎಂದು ತಾವೇ ನೋಡಿ ತಿಳಿಯುವ ಬಗೆ ಜನರಿಗೆ ಗೊತ್ತಾಗದ ಹೊರತು ಈ ವ್ಯಾಪಾರ ನಿಲ್ಲುವುದಿಲ್ಲ. ಬಹಳ ಕಾಲದಿಂದ ನಾಣ್ಯ ಸಂಗ್ರಹಿಸುತ್ತ ಬಂದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ನಾಣ್ಯಗಳು ತಯಾರಾಗುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ಸರ್ಕಾರಿ ಟಂಕಸಾಲೆಗಳಲ್ಲಿ. ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಯಂತ್ರದಲ್ಲಿ ಒತ್ತಿ ಎಬ್ಬಿಸಿ, ಕಾಲರ್ ಎಂಬ ಬಳೆಯೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಒಂದೇ ಏಟಿಗೆ ಎರಡೂ ಮುಖಗಳನ್ನು ಒತ್ತುತ್ತಾರೆ. ನಿಜವಾದ ದೋಷ ಈ ಹಂತಗಳಲ್ಲಿ ಯಾವುದೋ ಒಂದರಲ್ಲಿ ಹುಟ್ಟಿರಲೇಬೇಕು. ಆದ್ದರಿಂದ ‘ಇದು ಯಾವ ಹಂತದಲ್ಲಿ ಆಗಿರಬಹುದು’ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ನಾಣ್ಯವನ್ನು ಅನುಮಾನಿಸುವುದೇ ಸರಿ. ಉದಾಹರಣೆಗೆ, ಅಚ್ಚು ಬಿರುಕು ಬಿಟ್ಟರೆ ಆ ಬಿರುಕಿನೊಳಗೆ ಲೋಹ ನುಗ್ಗುವುದರಿಂದ ನಾಣ್ಯದ ಮೇಲೆ ಮೂಡುವ ಗೆರೆ ಉಬ್ಬಿಕೊಂಡಿರುತ್ತದೆ. ಹೊರಗೆ ಮೊಳೆಯೋ ಚಾಕುವೋ ತಾಗಿದ ಗೆರೆಯಾದರೆ ತಗ್ಗಾಗಿದ್ದು, ಪಕ್ಕಕ್ಕೆ ಸರಿದ ಲೋಹ ಅದರ ಬದಿಯಲ್ಲಿ ದಿಣ್ಣೆ ಕಟ್ಟಿರುತ್ತದೆ. ಅಚ್ಚಿಗೂ ಬಿಲ್ಲೆಗೂ ನಡುವೆ ದಾರವೋ ತಂತಿಯ ಚೂರೋ ಸಿಕ್ಕಿಕೊಂಡಾಗ ಟಂಕಸಾಲೆಯಲ್ಲಿಯೂ ತಗ್ಗು ಬೀಳುವುದುಂಟು. ಆದರೆ ಆ ತಗ್ಗಿನ ಬದಿಯಲ್ಲಿ ಈ ದಿಣ್ಣೆ ಇರುವುದಿಲ್ಲ.

ನನ್ನ ಅನುಭವದಲ್ಲಿ ಜನ ಹೆಚ್ಚು ಮೋಸಹೋಗುವುದು ಸಂಗ್ರಾಹಕರು ‘ಬ್ರೋಕೇಜ್’ ಎನ್ನುವ ನಾಣ್ಯದ ವಿಷಯದಲ್ಲಿ. ಒತ್ತಿದ ನಾಣ್ಯವೊಂದು ಹೊರಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದೆ ಬರುವ ಬಿಲ್ಲೆಯ ಒಂದು ಮುಖ ಎಂದಿನಂತೆ ಮೂಡಿ, ಇನ್ನೊಂದು ಮುಖದಲ್ಲಿ ಅಂಟಿಕೊಂಡ ನಾಣ್ಯದ ಚಿತ್ರ ತಗ್ಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ. ಹೀಗಾಗಿ ಅಸಲಿ ಬ್ರೋಕೇಜಿನ ಎರಡೂ ಕಡೆ ಇರುವುದು ಒಂದೇ ಚಿತ್ರ. ಒಂದು ಕಡೆ ಸಿಂಹಲಾಂಛನ ಉಬ್ಬಿದ್ದರೆ ಇನ್ನೊಂದು ಕಡೆಯೂ ಅದೇ ಲಾಂಛನ ತಗ್ಗಾಗಿರುತ್ತದೆ. ಮುಖಬೆಲೆಯ ಅಂಕಿ ಅಲ್ಲಿ ಬೀಳಲು ಅವಕಾಶವೇ ಇರಲಿಲ್ಲ. ಈಚೆಗೆ ಅಂಗಡಿಯೊಂದರಲ್ಲಿ ನನಗೆ ತೋರಿಸಿದ ದಪ್ಪನೆಯ ತಾಮ್ರ-ನಿಕ್ಕಲ್ ಐದು ರೂಪಾಯಿಯಲ್ಲಿ ತಗ್ಗಿನ ಸಿಂಹಗಳೇನೋ ಇದ್ದವು. ಭೂತಗನ್ನಡಿ ಹಿಡಿದು ಬೆಳಕನ್ನು ಓರೆಯಾಗಿ ಬಿಟ್ಟಾಗ ಅವುಗಳ ಅಡಿಯಲ್ಲಿ ‘5’ರ ಹೊಟ್ಟೆಯ ಬಾಗು ಚಪ್ಪಟೆಯಾಗಿ ಉಳಿದಿರುವುದು ಕಂಡಿತು, ಇನ್ನೊಂದು ಮುಖದಲ್ಲಿ ಸಿಂಹಗಳ ಮೂತಿ, ಎದೆ ಸವೆದು ಹೊಳೆಯುವ ಬದಲು ಒಂದೇ ಮಟ್ಟಕ್ಕೆ ಜಜ್ಜಿಹೋಗಿದ್ದವು. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬೆಂಚ್ ವೈಸ್‌ನಲ್ಲಿ ಬಿಗಿದರೆ ಇಂಥ ‘ಅಪರೂಪ’ವನ್ನು ಯಾವ ವರ್ಕ್‌ಶಾಪಿನಲ್ಲಾದರೂ ಮಾಡಬಹುದು.

ಅಂಚು ತುಂಡಾದ ನಾಣ್ಯಗಳಿಗೆ ಇನ್ನೊಂದು ಸೊಗಸಾದ ಪರೀಕ್ಷೆಯಿದೆ. ಬಿಲ್ಲೆ ಕತ್ತರಿಸುವ ಪಂಚು ಹಿಂದಿನ ತೂತಿನ ಮೇಲೆ ಸ್ವಲ್ಪ ಬಿದ್ದರೆ ಕಮಾನಿನ ಆಕಾರದ ಕೊರೆ ಉಂಟಾಗುತ್ತದೆ. ಅಂಚು ಎಬ್ಬಿಸುವ ಯಂತ್ರದಲ್ಲಿ ಆ ಕೊರೆ ಇರುವ ಕಡೆ ಒತ್ತಡ ಸಿಗದ ಕಾರಣ ಅದರ ನೇರ ಎದುರು ಬದಿಯಲ್ಲಿಯೂ ಅಂಚು ಸರಿಯಾಗಿ ಏಳದೆ ಮಸುಕಾಗುತ್ತದೆ. ಆಮೇಲೆ ಕತ್ತರಿಸಿದವರು ಈ ಎದುರು ಬದಿಯನ್ನು ಮರೆತಿರುತ್ತಾರೆ. ಈ ಮಸುಕು ಎಲ್ಲ ಅಸಲಿ ನಾಣ್ಯಗಳಲ್ಲಿಯೂ ಒಂದೇ ಸಮನಾಗಿ ಕಾಣುವುದಿಲ್ಲ. ಆದರೆ ಕೊರೆಯ ಪಕ್ಕದ ಅಕ್ಷರ ಗರಗಸ ಹಾಯಿಸಿದಂತೆ ಚೂಪಾಗಿ ತುಂಡಾಗಿದ್ದು, ಎದುರು ಅಂಚು ಗಟ್ಟಿಯಾಗಿದ್ದರೆ ಹಣ ಕೊಡಬಾರದು.

ಸಣ್ಣ ಡಿಜಿಟಲ್ ತಕ್ಕಡಿ ಕೂಡ ಬಹಳಷ್ಟನ್ನು ಹೇಳುತ್ತದೆ. 2011ರ ಸರಣಿಯ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85 ಗ್ರಾಂ ತೂಗಬೇಕು. ಒಂದರ ಬಿಲ್ಲೆಯ ಮೇಲೆ ಎರಡರ ಅಚ್ಚು ಬಿದ್ದಿದೆ ಎನ್ನುವವರ ನಾಣ್ಯ 3.79ರ ಆಸುಪಾಸಿನಲ್ಲಿಯೇ ನಿಲ್ಲಬೇಕು. ತೆಳ್ಳಗಾಗಿ, ಅಕ್ಷರಗಳೆಲ್ಲ ಕರಗಿದಂತಾಗಿ, ತೂಕವೂ ಇಳಿದಿದ್ದರೆ ಅದು ಹೆಚ್ಚಾಗಿ ಆಸಿಡ್ಡಿನ ಕೆಲಸ. ಹತ್ತು ರೂಪಾಯಿಯ ನಡುವಣ ಬಿಲ್ಲೆ ಪಕ್ಕಕ್ಕೆ ಸರಿದಿದ್ದರೆ, ಅಚ್ಚಿನ ಚಿತ್ರ ಎರಡೂ ಲೋಹಗಳ ಮೇಲೆ ಕಡಿಯದೆ ಸಾಗಿದೆಯೇ ಎಂದು ನೋಡಬೇಕು. ಕಿತ್ತು ಮತ್ತೆ ಕೂರಿಸಿದ್ದರಲ್ಲಿ ಹಾಗಿರುವುದಿಲ್ಲ.

ಇಸವಿಯ ಕೆಳಗಿನ ಚುಕ್ಕಿ, ನಕ್ಷತ್ರ, ವಜ್ರಾಕೃತಿಗಳನ್ನು ದೋಷವೆಂದು ಮಾರುವವರೂ ಇದ್ದಾರೆ. ಅವು ಕ್ರಮವಾಗಿ ನೋಯ್ಡಾ, ಹೈದರಾಬಾದ್, ಮುಂಬೈ ಟಂಕಸಾಲೆಗಳ ಗುರುತುಗಳು. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಹೊಸಬರಿಗೆ ನಾನು ಧೈರ್ಯವಾಗಿ ಹುಡುಕಲು ಹೇಳುವುದು ಅಚ್ಚು ತಿರುಗಿದ ನಾಣ್ಯವನ್ನು. ಲಾಂಛನವನ್ನು ನೆಟ್ಟಗೆ ಹಿಡಿದು ನಾಣ್ಯವನ್ನು ಬಲದಿಂದ ಎಡಕ್ಕೆ ಮಗುಚಿದಾಗ ಹಿಂಬದಿಯೂ ನೆಟ್ಟಗೇ ಕಾಣಬೇಕು. ಅಡ್ಡವೋ ತಲೆಕೆಳಗೋ ಕಂಡರೆ ಸುತ್ತಿಗೆ, ಆಸಿಡ್‌ಗಳಿಂದ ಅದನ್ನು ಮಾಡಲು ಬರುವುದಿಲ್ಲ.

ತಮ್ಮಲ್ಲಿ ನನ್ನದೊಂದು ವಿನಂತಿ. ಅಪರೂಪದ ನಾಣ್ಯ ಸಿಕ್ಕಿತೆಂಬ ಸುದ್ದಿಯನ್ನು ಪತ್ರಿಕೆಗಳು ಪ್ರಕಟಿಸುವಾಗ ಒಂದೇ ಮುಖದ ಚಿತ್ರ ಹಾಕಿ ಮಾಲೀಕರು ಹೇಳಿದ ಬೆಲೆಯನ್ನು ಅಚ್ಚುಹಾಕುವ ಬದಲು, ಎರಡೂ ಮುಖಗಳ ಮತ್ತು ಅಂಚಿನ ಚಿತ್ರಗಳನ್ನೂ ನಾಣ್ಯದ ತೂಕವನ್ನೂ ಕೊಟ್ಟು, ಪರಿಣತರೊಬ್ಬರು ನೋಡಿದ್ದಾರೆಯೇ ಎಂಬುದನ್ನು ತಿಳಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನಾಣ್ಯ ಸಂಗ್ರಾಹಕ, ಬಸವನಗುಡಿ, ಬೆಂಗಳೂರು